ಸೂಜಿದಾರದ ಬೀದಿಯ ಅಜ್ಜಿ

ಲಂಡನ್ನಿನ ನೆಲದಡಿಯ ರೈಲಿಗೆ 'ಬ್ಯಾಂಕ್' ಎಂಬ ಹೆಸರಿನದೇ ಒಂದು ನಿಲ್ದಾಣವಿದೆ. ಅಲ್ಲಿಳಿದು, ಇಲಿಯ ಬಿಲದಂತೆ ಕವಲೊಡೆದ ಸುರಂಗಗಳಲ್ಲಿ ಜನಪ್ರವಾಹದೊಡನೆ ಸಾಗಿ ಮೆಟ್ಟಿಲೇರಿದರೆ, ಹಲವು ಬೀದಿಗಳು ಬಂದು ಸೇರುವ ಒಂದು ಕೂಟದಲ್ಲಿ ನಿಂತಿರುತ್ತೇವೆ. ಒಂದು ಪಕ್ಕದಲ್ಲಿ ನಗರದ ಮೇಯರ್ ಮಹಾಶಯರ ನಿವಾಸ. ಇನ್ನೊಂದು ಪಕ್ಕದಲ್ಲಿ ಭಾರಿ ಕಂಬಗಳ ಮುಖಮಂಟಪವುಳ್ಳ ರಾಯಲ್ ಎಕ್ಸ್‌ಚೇಂಜ್. ಅದರ ಮುಂದೆ ಜೀನೂ ರಿಕಾಪೂ ಇಲ್ಲದ ಕುದುರೆಯ ಮೇಲೆ ಕುಳಿತಿರುವವನು ಡ್ಯೂಕ್ ಆಫ್ ವೆಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಈತನೇ. ಮೈಸೂರಿನವನಾದ ನನಗೆ ಪರದೇಶದ ಬೀದಿಯಲ್ಲಿ ಪರಿಚಯದವನೊಬ್ಬ ಸಿಕ್ಕಂತಾಯಿತು. ಸವಿಯಾದ ಪರಿಚಯವೆಂದು ಮಾತ್ರ ಹೇಳಲಾರೆ.

ಮೂರನೆಯ ಪಕ್ಕದಲ್ಲಿ ಗೋಡೆ. ಬೀದಿಯ ಉದ್ದಕ್ಕೂ ಹಬ್ಬಿ, ಮೂಲೆಯಲ್ಲಿ ತಿರುಗಿ, ಮತ್ತೆ ಹಬ್ಬಿ ಸಾಗುವ ಆ ಕಲ್ಲಿನ ಗೋಡೆಗೆ ಬೀದಿಯ ಮಟ್ಟದಲ್ಲಿ ಒಂದು ಕಿಟಕಿಯೂ ಇಲ್ಲ. ಅದರೊಳಗಿರುವುದು 1694ರಲ್ಲಿ ಹುಟ್ಟಿ, 1734ರಿಂದ ಇದೇ ಸ್ಥಳದಲ್ಲಿ ಬೇರೂರಿರುವ ಬ್ಯಾಂಕ್ ಆಫ್ ಇಂಗ್ಲೆಂಡ್. 1780ರ ದಂಗೆಯಲ್ಲಿ ಜನ ಬ್ಯಾಂಕಿನ ಮೇಲೇ ನುಗ್ಟಲು ಬಂದಾಗಿನಿಂದ ಪ್ರತಿರಾತ್ರಿ ಸೈನಿಕರ ಪಹರೆ ಏರ್ಪಟ್ಟಿತು. 1973ರವರೆಗೆ, ಎಂದರೆ ಇನ್ನೂರು ವರ್ಷಗಳಿಗೆ ಸಮೀಪ, ಆ ಪಹರೆ ನಡೆದುಬಂತು. ಗೋಡೆ ಕಟ್ಟಿಸಿದವನು ಸರ್ ಜಾನ್ ಸೋನ್ ಎಂಬ ಶಿಲ್ಪಿ. ನಲವತ್ತೈದು ವರ್ಷಕಾಲ ಬ್ಯಾಂಕಿನ ಕಟ್ಟಡಗಳನ್ನು ಆತ ನೋಡಿಕೊಂಡ. ಗೋಡೆಯೊಳಗಿನ ಅವನ ಕೆಲಸವನ್ನೆಲ್ಲ ಬಹುಮಟ್ಟಿಗೆ ಕೆಡವಿ, 1925ರಿಂದ 1939ರವರೆಗೆ ಈಗಿನ ಎತ್ತರದ ಭವನವನ್ನು ಎಬ್ಬಿಸಿದವನು ಸರ್ ಹರ್ಬರ್ಟ್ ಬೇಕರ್. ಹೊಸದೆಹಲಿಯ ಸೆಕ್ರೆಟೇರಿಯಟ್ಟಿನ ಎರಡು ಭವನಗಳನ್ನು ರೂಪಿಸಿದವನೂ ಇವನೇ. ಅವುಗಳಲ್ಲಿ ಒಂದಾದ ನಾರ್ತ್ ಬ್ಲಾಕಿನಲ್ಲಿ ನಮ್ಮ ಅರ್ಥಮಂತ್ರಾಲಯ ಬಹುಕಾಲ ಇತ್ತು. ಈ ಸಂಬಂಧವನ್ನು ವಾಚಕರು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಬೇಕು; ಮುಂದೆ ಬೇಕಾಗುತ್ತದೆ.

ಬೀದಿಯ ಹೆಸರು ಥ್ರೆಡ್‌ನೀಡಲ್ ಸ್ಟ್ರೀಟ್. ನಾವು ಸೂಜಿದಾರದ ಬೀದಿಯೆನ್ನಬಹುದು. ಹೆಸರು ಬಂದ ಬಗೆಯನ್ನು ಕುರಿತು ಹಲವು ಕಥೆಗಳಿದ್ದರೂ, ದರ್ಜಿಗಳ ಪುರಾತನ ಸಂಘದ ಸಭಾಭವನ ಇಂದಿಗೂ ಅದೇ ಬೀದಿಯಲ್ಲಿದೆ. ಬ್ಯಾಂಕಿಗೆ ಅಲ್ಲಿಯ ಜನ ಇಟ್ಟಿರುವ ಅಡ್ಡಹೆಸರು 'ಥ್ರೆಡ್‌ನೀಡಲ್ ಸ್ಟ್ರೀಟಿನ ವೃದ್ಧೆ'. 1797ರಲ್ಲಿ ಯುದ್ಧದ ಖರ್ಚಿಗೆ ಸಿಕ್ಕಿ, ನೋಟಿಗೆ ಚಿನ್ನ ಕೊಡುವುದನ್ನು ಬ್ಯಾಂಕು ನಿಲ್ಲಿಸಬೇಕಾಯಿತು. ಆಗ ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ ಒಂದು ಚಿತ್ರ ಬರೆದ. ನೋಟುಗಳನ್ನೇ ಹೊಲಿದು ಮಾಡಿದ ಉಡುಪು ತೊಟ್ಟ ಮುದುಕಿಯೊಬ್ಬಳು ಹಣದ ಪೆಟ್ಟಿಗೆಯ ಮೇಲೆ ಭದ್ರವಾಗಿ ಕುಳಿತಿದ್ದಾಳೆ. ಪ್ರಧಾನಮಂತ್ರಿ ಪಿಟ್ ಪ್ರಣಯದ ನಟನೆ ಮಾಡುತ್ತ ಅವಳ ಜೇಬಿಗೆ ಕೈಹಾಕುತ್ತಿದ್ದಾನೆ. ಅಂದಿನಿಂದ ಬ್ಯಾಂಕು ಮುದುಕಿಯಾಯಿತು. ನಮ್ಮ ಕಡೆಯಾದರೆ ಅಜ್ಜಿ ಎಂದು ಕರೆಯುತ್ತಿದ್ದೆವು.

ಈ ಅಜ್ಜಿಯನ್ನು ಕಾಣಲು ನಾನು ಹೋದದ್ದು 2022ರ ಅಕ್ಟೋಬರ್ ತಿಂಗಳಿನಲ್ಲಿ. ರಾಣಿ ಎರಡನೆಯ ಎಲಿಜಬೆತ್ ತೀರಿಕೊಂಡು ಒಂದು ತಿಂಗಳಾಗಿತ್ತು. ಇಪ್ಪತ್ತು ಮತ್ತು ಐವತ್ತು ಪೌಂಡುಗಳ ಕಾಗದದ ನೋಟುಗಳ ಚಲಾವಣೆ ಸೆಪ್ಟೆಂಬರ್ 30ಕ್ಕೆ ಮುಗಿದಿತ್ತು. ಹೊಸ ಪ್ಲಾಸ್ಟಿಕ್ ನೋಟುಗಳು ಬಂದು ವರ್ಷಗಳಾಗಿದ್ದರೂ, ಗಡುವು ಸಮೀಪಿಸಿದಾಗ ಇನ್ನೂ 1,100 ಕೋಟಿ ಪೌಂಡಿಗೂ ಮಿಗಿಲಾದ ಕಾಗದದ ನೋಟುಗಳು ಜನರ ಬಳಿಯಲ್ಲೇ ಉಳಿದಿದ್ದವು. ನನ್ನ ಜೇಬಿನಲ್ಲಿಯೂ ಅಂಥವು ಮೂರಿದ್ದವು. ಹಿಂದಿನ ಪ್ರವಾಸದಲ್ಲಿ ಮಗಳು ಕೈಗಿಟ್ಟಿದ್ದ, ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್‌ನ ಮುಖವಿರುವ ಇಪ್ಪತ್ತರ ನೋಟುಗಳವು. ಚಹದಂಗಡಿಯೊಂದರಲ್ಲಿ ಒಂದನ್ನು ಕೊಟ್ಟೆ. ಅಂಗಡಿಯ ಹುಡುಗಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು, ನಸುನಕ್ಕು, ಹಿಂದಿರುಗಿಸಿದಳು. ಮೈಸೂರಿನಲ್ಲಿ ಹೊರಡುವ ಮುನ್ನ ಹಣ ಬದಲಿಸುವವರೂ ಹೀಗೆಯೇ ತಲೆಯಾಡಿಸಿದ್ದರು. ಚಲಾವಣೆ ಕಳೆದುಕೊಂಡ ವಿದೇಶೀ ನೋಟು ಅವರ ದೃಷ್ಟಿಯಲ್ಲಿ ಬಣ್ಣದ ಕಾಗದವೇ ಸರಿ.

ಆದರೆ ನಿಜವಾಗಿ ನನ್ನನ್ನು ಅಲ್ಲಿಗೆ ಎಳೆದದ್ದು ಈ ಮೂರು ನೋಟುಗಳಲ್ಲ. ಕೋಟಿನ ಒಳಜೇಬಿನಲ್ಲಿದ್ದ ಹಳೆಯ ಲಕೋಟೆ. ನನ್ನ ದೊಡ್ಡಪ್ಪನವರು 1966ರಿಂದ 1968ರವರೆಗೆ ಲೀಡ್ಸ್ ನಗರದಲ್ಲಿ ಜವಳಿ ತಂತ್ರಜ್ಞಾನವನ್ನು ಓದಿ ಬಂದವರು. ಉಪವಾಸವಿದ್ದು ಉಳಿಸಿದರೋ, ನಡೆದುಕೊಂಡು ಹೋಗಿ ಉಳಿಸಿದರೋ, ಊರಿಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಎರಡು ಐದು ಪೌಂಡಿನ ನೀಲಿ ನೋಟುಗಳೂ, ಏಳು ಒಂದು ಪೌಂಡಿನ ಹಸಿರು ನೋಟುಗಳೂ, ನಾಲ್ಕು ಹತ್ತು ಷಿಲಿಂಗಿನ ಕೆಂಗಂದು ನೋಟುಗಳೂ ಇದ್ದವು. ಒಟ್ಟು ಹತ್ತೊಂಬತ್ತು ಪೌಂಡು. ಪೌಂಡಿಗೆ ಹದಿನೆಂಟು ರೂಪಾಯಿಯಿದ್ದ ಆ ಕಾಲದಲ್ಲಿ ಅದು ಮುನ್ನೂರ ನಲವತ್ತೆರಡು ರೂಪಾಯಿ; ಸಂಸಾರವಂದಿಗನಿಗೆ ಸಣ್ಣ ಮೊತ್ತವೇನಲ್ಲ. 'ಇನ್ನೊಂದು ಸಲ ಹೋದಾಗ ಬೇಕಾಗುತ್ತದೆ' ಎಂದು ಅವರು ಅದನ್ನು ಬದಲಿಸಲಿಲ್ಲ. ಇನ್ನೊಂದು ಸಲ ಹೋಗಲೂ ಇಲ್ಲ. ಇತ್ತ ಹತ್ತು ಷಿಲಿಂಗಿನ ನೋಟು 1970ರಲ್ಲಿ ಸತ್ತಿತು. ಒಂದು ಪೌಂಡಿನ ನೋಟು 1988ರಲ್ಲಿ ಸತ್ತಿತು. ಅವೆರಡರ ಜಾಗದಲ್ಲಿ ನಾಣ್ಯಗಳು ಬಂದವು. ದೊಡ್ಡಪ್ಪನವರೂ ಹೋದರು. ನಾನು ಹೊರಡುವ ಹಿಂದಿನ ದಿನ ದೊಡ್ಡಮ್ಮ ಲಕೋಟೆಯನ್ನು ತಂದು, "ಇದನ್ನ ತೊಗೊಂಡು ಹೋಗಪ್ಪ. ನಡೆದರೆ ನಡೀಲಿ, ಇಲ್ಲದಿದ್ದರೆ ಅಲ್ಲೇ ಯಾವುದಾದರೂ ನದಿಗೆ ಹಾಕಿಬಿಡು" ಎಂದರು. ಗಂಗೆಗೆ ಅಸ್ಥಿ ಬಿಡುವವರ ಧ್ವನಿಯಲ್ಲಿ ಅದನ್ನು ಅವರು ಹೇಳಿದ್ದರಿಂದ, ನದಿಯ ಮಾತು ನನಗೆ ತಮಾಷೆಯಾಗಿ ತೋರಲಿಲ್ಲ.

ಇಂಗ್ಲೆಂಡಿನ ನೋಟಿನ ವಿಶೇಷ ಇರುವುದು ಇಲ್ಲಿಯೇ. ಚಲಾವಣೆಯಿಂದ ಹಿಂತೆಗೆದ ನೋಟನ್ನು ಅಂಗಡಿಯವನು ಬೇಡವೆನ್ನಬಹುದು, ಬಸ್ಸಿನವನು ಬೇಡವೆನ್ನಬಹುದು. ಆದರೆ ಹೊರಡಿಸಿದ ಬ್ಯಾಂಕು ಬೇಡವೆನ್ನುವುದಿಲ್ಲ. ತಾನು ಎಂದೋ ಅಚ್ಚು ಹಾಕಿಸಿದ ಯಾವ ನೋಟನ್ನೇ ತಂದರೂ, ಅದು ಅಸಲಿಯಾಗಿದ್ದರೆ, ಮುಖಬೆಲೆಯನ್ನು ಕೊಡುತ್ತೇನೆಂಬುದು ಬ್ಯಾಂಕ್ ಆಫ್ ಇಂಗ್ಲೆಂಡಿನ ನಿಯಮ. ಅದಕ್ಕೆ ಕೊನೆಯ ದಿನವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಸೆರೆಶಿಬಿರದ ಕೈದಿಗಳ ಕೈಯಲ್ಲಿ ಇಂಗ್ಲಿಷ್ ನೋಟುಗಳನ್ನು ನಕಲು ಮಾಡಿಸಿದಾಗ, 1943ರಲ್ಲಿ ಹತ್ತು ಪೌಂಡು ಮತ್ತು ಅದಕ್ಕೆ ಮೇಲ್ಪಟ್ಟ ನೋಟುಗಳನ್ನೆಲ್ಲ ಹಿಂತೆಗೆಯಬೇಕಾಯಿತು. ಅಂಥ ನೋಟಿನ ಅಸಲಿ ಪ್ರತಿಯೊಂದು ಇಂದು ಅಟ್ಟದ ಮೇಲೆ ಸಿಕ್ಕರೂ ಅಜ್ಜಿ ಹಣ ಎಣಿಸುತ್ತಾಳೆ.

ನಿಯಮ ಉದಾರವಾದದ್ದೇ. ಅದರ ಫಲ ಪಡೆಯುವುದು ಮಾತ್ರ ಅಷ್ಟು ಸುಲಭವಲ್ಲ. ಆ ದೇಶದಲ್ಲಿ ಖಾತೆಯಿರುವವರು ತಮ್ಮ ಬ್ಯಾಂಕಿನಲ್ಲಿ ಕೇಳಿ ನೋಡಬಹುದು. ಆದರೆ ತೆಗೆದುಕೊಳ್ಳಲೇಬೇಕೆಂಬ ಕಟ್ಟು ಆ ಬ್ಯಾಂಕುಗಳಿಗಿಲ್ಲ. ಗೊತ್ತುಮಾಡಿದ ಮೂವತ್ತು ಪೋಸ್ಟಾಫೀಸುಗಳಲ್ಲಿ ಎರಡು ವರ್ಷಕ್ಕೆ ಮುನ್ನೂರು ಪೌಂಡಿನವರೆಗೆ ಬದಲಾಯಿಸಿಕೊಳ್ಳುವ ಏರ್ಪಾಡಿದೆ. ಹೊರದೇಶದವರು ಅರ್ಜಿ ತುಂಬಿ, ಗುರುತಿನ ದಾಖಲೆಗಳ ಪ್ರತಿಗಳನ್ನಿಟ್ಟು, ನೋಟುಗಳನ್ನು ಅಂಚೆಯಲ್ಲಿ ಕಳಿಸಬಹುದು. ದಾರಿಯಲ್ಲಿ ಕಳೆದರೆ ಹೊಣೆ ಕಳಿಸಿದವರದೇ. ಐವತ್ತು ವರ್ಷ ಪೆಟ್ಟಿಗೆಯಲ್ಲಿ ಕಾಪಾಡಿದ್ದನ್ನು ಒಂದು ಅಂಚೆಚೀಲದ ದಯೆಗೆ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ. ಉಳಿದದ್ದು ಸೂಜಿದಾರದ ಬೀದಿಯ ಕಿಂಡಿ.

ಸಾಲು ಗೋಡೆಯ ಪಕ್ಕದಲ್ಲಿ ದೂರದವರೆಗೆ ಬೆಳೆದಿತ್ತು. ಗಡುವು ಕಳೆದ ಹೊಸತಾದ್ದರಿಂದ ಊರಿನವರೂ ಪರದೇಶದವರೂ ಒಟ್ಟಿಗೆ ಬಂದು ನಿಂತಿದ್ದರು. ಇಂಗ್ಲಿಷರು ಸಾಲಿನಲ್ಲಿ ನಿಲ್ಲುವುದನ್ನು ಒಂದು ವ್ರತದಂತೆ ಆಚರಿಸುತ್ತಾರೆ. ಮುಂದೆ ನುಗ್ಗುವವರಿಲ್ಲ, ಗೊಣಗುವುದೂ ಹವಾಮಾನದ ಮೇಲೆಯೇ. ನನ್ನ ಮುಂದೆ ಕೈಗೋಲು ಹಿಡಿದ ವೃದ್ಧರೊಬ್ಬರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವಾಗ ಅವಳ ಚಳಿಗಾಲದ ಬೂಟಿನೊಳಗೆ ಐವತ್ತರ ನೋಟುಗಳ ಸುರುಳಿ ಸಿಕ್ಕಿತೆಂದು ತಾವಾಗಿಯೇ ಹೇಳಿದರು. "ಏತಕ್ಕಾಗಿ ಕೂಡಿಟ್ಟಿದ್ದಳೋ ತಿಳಿಯದು" ಎಂದು ಅವರು ಅಂದಾಗ, ಸಾಸಿವೆ ಡಬ್ಬಿಯೆಂಬುದು ನಮ್ಮ ದೇಶದ ಸೊತ್ತು ಮಾತ್ರವಲ್ಲವೆಂದು ತೋರಿತು. ನನ್ನ ಹಿಂದೆ ಇದ್ದ ಯುವತಿ ಪೋರ್ಚುಗಲ್ಲಿನವಳು. ಹೋಟೆಲಿನಲ್ಲಿ ದುಡಿದ ಟಿಪ್ಸಿನ ಹಣವನ್ನು ಊರಲ್ಲಿ ತಾಯಿಗೆ ಕೊಟ್ಟಿದ್ದಳಂತೆ. ತಾಯಿ ಅದನ್ನು ಖರ್ಚು ಮಾಡದೆ ಹಾಗೆಯೇ ಹಿಂದಕ್ಕೆ ಕಳಿಸಿದ್ದಳು.

ಒಂದೂವರೆ ಗಂಟೆಯ ಮೇಲೆ ನನ್ನ ಸರದಿ ಬಂತು. ಕಿಂಡಿಯ ಆಚೆ ಕುಳಿತಿದ್ದವರು ನರೆಗೂದಲಿನ ಮಹಿಳೆ. ನನ್ನ ಪಾಸ್‌ಪೋರ್ಟನ್ನೂ, ಮಗಳ ಮನೆಯ ವಿಳಾಸದ ಕಾಗದವನ್ನೂ, ತುಂಬಿದ ಅರ್ಜಿಯನ್ನೂ ನೋಡಿ, ಲಕೋಟೆ ಬಿಚ್ಚಿದರು. ಆಡಮ್ ಸ್ಮಿತ್ತರನ್ನು ಕ್ಷಣದಲ್ಲಿ ಎಣಿಸಿ ಬದಿಗಿಟ್ಟರು. ಹತ್ತು ಷಿಲಿಂಗಿನವು ಕೈಗೆ ಬಂದಾಗ ನಿಂತರು. ದೀಪಕ್ಕೆ ಹಿಡಿದರು, ಬೆರಳಿನಿಂದ ಸವರಿದರು. "ಇವನ್ನು ನಾನು ಐವತ್ತು ಪೆನ್ನಿಯಂತೆ ತೆಗೆದುಕೊಳ್ಳಬೇಕಾಗುತ್ತದೆ. ಹಳೆಯ ನೋಟು ಸಂಗ್ರಹಿಸುವವರು ಇದಕ್ಕಿಂತ ಹೆಚ್ಚು ಕೊಟ್ಟಾರು. ಯೋಚನೆ ಮಾಡಿದ್ದೀರಾ?" ಎಂದು ಮೆಲ್ಲಗೆ ಕೇಳಿದರು. ನಾನು ಒಂದನ್ನು ಹಿಂದಕ್ಕೆ ತೆಗೆದುಕೊಂಡೆ. ಮಾರುವುದಕ್ಕಲ್ಲ, ಇರಲಿ ಎಂದು. ಉಳಿದದ್ದಕ್ಕೆಲ್ಲ ಸೇರಿಸಿ ಎಪ್ಪತ್ತೆಂಟು ಪೌಂಡು ಐವತ್ತು ಪೆನ್ನಿ ಎಣಿಸಿಕೊಟ್ಟರು. ದೊಡ್ಡಪ್ಪನವರ ಪಾಲು ಹದಿನೆಂಟೂವರೆ. ಎಲ್ಲಿಂದ ತಂದೆ, ಇಷ್ಟು ದಿನ ಏಕೆ ತರಲಿಲ್ಲ ಎಂದು ಅವರು ಕೇಳಲಿಲ್ಲ.

ನೋಟಿನ ಮೇಲೆ ಅಚ್ಚಾಗಿರುವ ಮಾತು, ಇದನ್ನು ತಂದವರಿಗೆ ಕೇಳಿದೊಡನೆ ಇಷ್ಟು ಪೌಂಡು ಕೊಡುವೆನೆಂಬ ವಚನ. ಒಂದು ಕಾಲದಲ್ಲಿ ಆ ಮಾತಿಗೆ ಚಿನ್ನ ಎಂಬ ಅರ್ಥವಿತ್ತು. 1931ರಲ್ಲಿ ಬ್ರಿಟನ್ ಚಿನ್ನದ ಕಟ್ಟಿನಿಂದ ಬಿಡಿಸಿಕೊಂಡ ಮೇಲೆ, ಒಂದು ನೋಟಿಗೆ ಇನ್ನೊಂದು ನೋಟು ಕೊಡುವುದಷ್ಟೇ ಉಳಿಯಿತು. ಬೆಲೆಯ ಮಾತಂತೂ ಕೇಳುವುದೇ ಬೇಡ. 1968ರಲ್ಲಿ ಸಂಸಾರವೊಂದರ ತಿಂಗಳ ದಿನಸಿಯನ್ನು ಕೊಳ್ಳಬಹುದಾಗಿದ್ದ ಹತ್ತೊಂಬತ್ತು ಪೌಂಡಿಗೆ, ಅಂದು ಮಧ್ಯಾಹ್ನ ಮಗಳೂ ನಾನೂ ಸಾಧಾರಣ ಊಟ ಮಾಡಿದ ಮೇಲೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ದೊಡ್ಡಪ್ಪನವರು ಅಂದೇ ಬದಲಾಯಿಸಿ ಕಾಲುಗುಂಡಿಯಷ್ಟು ಚಿನ್ನ ಕೊಂಡಿದ್ದರೆ ಎಂದು ಮಗಳು ಲೆಕ್ಕ ಹಾಕತೊಡಗಿದಳು. ಆ ಲೆಕ್ಕವನ್ನು ಮುಂದುವರಿಸಲು ನಾನು ಬಿಡಲಿಲ್ಲ.

ಅದೇ ಕಟ್ಟಡದ ಇನ್ನೊಂದು ಬದಿಯಲ್ಲಿ, ಬಾರ್ಥಲೋಮ್ಯೂ ಲೇನ್ ಎಂಬ ಓಣಿಯಲ್ಲಿ, ಬ್ಯಾಂಕಿನ ವಸ್ತುಸಂಗ್ರಹಾಲಯವಿದೆ. ಪ್ರವೇಶಕ್ಕೆ ಹಣವಿಲ್ಲ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸುಮಾರು ಹದಿಮೂರು ಕಿಲೋ ತೂಕದ ಅಸಲಿ ಚಿನ್ನದ ಗಟ್ಟಿಯನ್ನಿಟ್ಟು, ಕೈ ಮಾತ್ರ ತೂರುವಷ್ಟು ಕಂಡಿ ಕೊರೆದಿದ್ದಾರೆ. ಯಾರು ಬೇಕಾದರೂ ಎತ್ತಿ ನೋಡಬಹುದು, ಒಯ್ಯುವ ಹಾಗಿಲ್ಲ. ಶಾಲೆಯ ಮಕ್ಕಳು ಸಾಲಾಗಿ ನಿಂತು ಹಲ್ಲು ಕಚ್ಚಿ ಎತ್ತುತ್ತಿದ್ದರು. ಲಂಡನ್ನಿಗೆ ಹೋಗುವ ನಮ್ಮವರು ಮೇಣದ ಗೊಂಬೆಗಳ ಮುಂದೆ ಹಣ ತೆತ್ತು ಕಳೆಯುವ ಹೊತ್ತಿನಲ್ಲಿ ಅರ್ಧವನ್ನಾದರೂ ಇಲ್ಲಿ ಕಳೆದರೆ ಚೆನ್ನ.

ಕೈಗೆ ಬಂದ ಹೊಸ ನೋಟುಗಳ ಬಗ್ಗೆ ಒಂದು ಮಾತು. 2016ರಲ್ಲಿ ಐದು ಪೌಂಡಿನ ಪ್ಲಾಸ್ಟಿಕ್ ನೋಟು ಬಂದಾಗ, ಅದರ ತಯಾರಿಕೆಯಲ್ಲಿ ಅತ್ಯಲ್ಪ ಪ್ರಮಾಣದ ಪ್ರಾಣಿಯ ಕೊಬ್ಬು ಸೇರುತ್ತದೆಂಬುದು ಬಯಲಾಯಿತು. ಸಸ್ಯಾಹಾರಿಗಳು ಕೋಲಾಹಲ ಎಬ್ಬಿಸಿದರು. ಅಲ್ಲಿಯ ಕೆಲವು ಹಿಂದೂ ದೇವಾಲಯಗಳು ಆ ನೋಟನ್ನು ಕಾಣಿಕೆಯಾಗಿ ಸ್ವೀಕರಿಸುವುದಿಲ್ಲವೆಂದವು. ತಾಳೆಯೆಣ್ಣೆಯನ್ನು ಬಳಸಬಹುದೇ ಎಂದು ಪರಿಶೀಲಿಸಿದ ಬ್ಯಾಂಕು, ಅದೂ ಬೇಡವೆಂದು 2017ರಲ್ಲಿ ಹಳೆಯ ವಿಧಾನವನ್ನೇ ಮುಂದುವರಿಸಿತು. ದೊಡ್ಡಮ್ಮ ಮಡಿಯ ಹೆಂಗಸು. ಈ ವಿಷಯವನ್ನು ಅವರಿಗೆ ತಿಳಿಸುವುದು ಬೇಡವೆಂದೂ, ಹಣವನ್ನು ರೂಪಾಯಿ ಮಾಡಿಯೇ ಕೊಡಬೇಕೆಂದೂ ಅಲ್ಲಿಯೇ ನಿಶ್ಚಯಿಸಿದೆ.

ರೂಪಾಯಿ ಎಂದೊಡನೆ, ಸಾಲಿನಲ್ಲಿ ನಿಂತಾಗಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ಸಂಗತಿಗೆ ಬರಬೇಕಾಗುತ್ತದೆ. ಪೌಂಡಿನ ಲಕೋಟೆಯಿದ್ದ ಪೆಟ್ಟಿಗೆಯಲ್ಲಿಯೇ ದೊಡ್ಡಮ್ಮನ ಧಾರೆಯ ಸೀರೆಯೂ ಇತ್ತು. 2018ರ ದೀಪಾವಳಿಗೆ ಮನೆ ಸಾರಿಸುವಾಗ ಆ ಸೀರೆಯನ್ನು ಬಿಸಿಲಿಗೆ ಹಾಕಲು ಕೊಡವಿದರೆ, ಮಡಿಕೆಗಳಿಂದ ಐನೂರು ರೂಪಾಯಿಯ ಹಳೆಯ ನೋಟುಗಳು ಉದುರಿದವು. ಇಪ್ಪತ್ತಮೂರು. ಗಂಡನ ಪಿಂಚಣಿಯಲ್ಲಿ ತಿಂಗಳಿಗೊಂದರಂತೆ, ಮೊಮ್ಮಗಳ ಮದುವೆಗೆ ಬೆಳ್ಳಿಯ ಚೊಂಬು ಮಾಡಿಸಲೆಂದು, ಯಾರಿಗೂ ಹೇಳದೆ ತೆಗೆದಿಟ್ಟಿದ್ದು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವೆಂಬ ಸುದ್ದಿ ಬಂದಾಗ ಅವರು ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದರು. ಡಿಸೆಂಬರ್ 30ರ ಗಡುವು ಕಳೆದಾಗಲೂ ಹಾಸಿಗೆಯಲ್ಲಿಯೇ ಇದ್ದರು. ಸೀರೆಯ ನೆನಪು ಅವರಿಗೆ ಬರಲಿಲ್ಲ. ಉಳಿದವರಿಗೆ ಗೊತ್ತೇ ಇರಲಿಲ್ಲ.

ಆ ಕೆಲಸಕ್ಕೆ ಕಾರಣಗಳನ್ನು ಹೇಳಿದರು. ಕಪ್ಪುಹಣ, ಖೋಟಾನೋಟು, ಭಯೋತ್ಪಾದನೆ. ಅವುಗಳ ವಾದವಿವಾದ ಈ ಲೇಖನದ ವಿಷಯವಲ್ಲ. ನನ್ನ ವಿಷಯ ನೋಟಿನ ಮೇಲಿನ ವಚನ. ನಮ್ಮ ನೋಟಿನ ಮೇಲೂ ಗವರ್ನರರ ರುಜುವಿನೊಡನೆ ಅದೇ ವಚನವಿದೆ. ಹಿಂಬದಿಯ ಭಾಷೆಗಳ ಸಾಲಿನಲ್ಲಿ ಕನ್ನಡ ನಾಲ್ಕನೆಯದು. 2017ರಲ್ಲಿ ಸಂಸತ್ತು ಮಾಡಿದ ಕಾನೂನಿನಿಂದ, ಆ ನೋಟುಗಳ ಬಗೆಗಿನ ಹೊಣೆ 2016ರ ಡಿಸೆಂಬರ್ 31ರಿಂದಲೇ ಕೊನೆಗೊಂಡಿತು. ವಿದೇಶದಲ್ಲಿದ್ದ ಭಾರತೀಯರಿಗೆ ಕೆಲವು ತಿಂಗಳ ಹೆಚ್ಚಿನ ಅವಧಿ ಸಿಕ್ಕಿತು. ವಿಮಾನನಿಲ್ದಾಣದ ಸುಂಕದವರಲ್ಲಿ ನೋಟು ತೋರಿಸಿ ಘೋಷಣಾಪತ್ರ ಪಡೆದು, ಮುಂಬಯಿ, ದೆಹಲಿ, ಮದ್ರಾಸು, ಕಲ್ಕತ್ತ, ನಾಗಪುರ ಈ ಐದರಲ್ಲೊಂದು ಊರಿಗೆ ಹೋಗಬೇಕಾಗಿತ್ತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಊರಲ್ಲೇ ಇದ್ದು ಮರೆತವರಿಗೆ ಅದೂ ಇಲ್ಲ. ಅಷ್ಟೇ ಅಲ್ಲ, ಅಂಥ ಹತ್ತಕ್ಕಿಂತ ಹೆಚ್ಚು ನೋಟುಗಳನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಯಿತು; ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ ಇಪ್ಪತ್ತೈದು. ದಂಡ ಕನಿಷ್ಠ ಹತ್ತು ಸಾವಿರ ರೂಪಾಯಿ. ಚಲಾವಣೆಯಲ್ಲಿದ್ದ ಹಣದ ಬೆಲೆಯಲ್ಲಿ ನೂರಕ್ಕೆ ಎಂಬತ್ತಾರು ಪಾಲಿನಷ್ಟಿದ್ದ ಆ ನೋಟುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಭಾಗ ಬ್ಯಾಂಕುಗಳಿಗೆ ಹಿಂದಿರುಗಿತೆಂದು 2018ರ ವರದಿ ಹೇಳಿತು. ಹಿಂದಿರುಗದ ಆ ಅಲ್ಪಭಾಗದಲ್ಲಿ ಕಳ್ಳರ ಪಾಲೆಷ್ಟೋ, ಧಾರೆಸೀರೆಗಳ ಪಾಲೆಷ್ಟೋ.

2023ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯ ನಾಲ್ಕು ಮತಗಳಿಂದ ಆ ಕ್ರಮವನ್ನು ಎತ್ತಿಹಿಡಿಯಿತು. ಭಿನ್ನಮತ ಬರೆದ ಒಬ್ಬರೇ ನ್ಯಾಯಮೂರ್ತಿ ನಮ್ಮ ಕರ್ನಾಟಕದವರಾದ ಬಿ. ವಿ. ನಾಗರತ್ನ ಅವರು, ಇಂಥದನ್ನು ಅಧಿಸೂಚನೆಯಿಂದಲ್ಲ, ಸಂಸತ್ತಿನ ಶಾಸನದಿಂದ ಮಾಡಬೇಕಾಗಿತ್ತೆಂಬುದು ಅವರ ಅಭಿಪ್ರಾಯ. ಆ ಅಧಿಸೂಚನೆಯನ್ನು ಹೊರಡಿಸಿದ ಅರ್ಥಮಂತ್ರಾಲಯ ಆಗ ಇದ್ದುದು ನಾರ್ತ್ ಬ್ಲಾಕಿನಲ್ಲಿ. ಸೂಜಿದಾರದ ಬೀದಿಯ ಭವನವನ್ನು ಕಟ್ಟಿದ ಅದೇ ಬೇಕರನ ಕಟ್ಟಡ, ಅದೇ ಬಗೆಯ ಕಂಬಗಳು.

ಮುಂದೆ 2023ರ ಮೇ ತಿಂಗಳಲ್ಲಿ ಎರಡು ಸಾವಿರದ ನೋಟನ್ನು ಹಿಂತೆಗೆದುಕೊಂಡಾಗ ದಾರಿ ಬೇರೆಯಾಯಿತು ಎಂಬುದನ್ನೂ ಹೇಳಬೇಕು. ಅದರ ಕಾನೂನುಬದ್ಧ ಚಲಾವಣೆಯನ್ನು ರದ್ದು ಮಾಡಲಿಲ್ಲ. ಸಾಮಾನ್ಯ ಬ್ಯಾಂಕುಗಳ ಅವಧಿ ಆ ಅಕ್ಟೋಬರಿನಲ್ಲಿ ಮುಗಿದ ಮೇಲೂ ರಿಸರ್ವ್ ಬ್ಯಾಂಕಿನ ಹತ್ತೊಂಬತ್ತು ಕಚೇರಿಗಳಲ್ಲಿ ಸ್ವೀಕರಿಸುವ ಏರ್ಪಾಡಾಯಿತು. ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿ ಅವುಗಳಲ್ಲಿ ಒಂದು. ಅಂಚೆಯಲ್ಲಿ ಕಳಿಸಲೂ ಅವಕಾಶ ಕೊಟ್ಟರು. ಯಾರ ಮನೆಯ ಪಂಚಾಂಗದ ನಡುವೆಯಾದರೂ ಅಂಥ ನೋಟೊಂದು ಅಡಗಿದ್ದರೆ ಹಬ್ಬದವರೆಗೆ ಕಾಯದೆ ಹುಡುಕುವುದು ಒಳ್ಳೆಯದು.

ಮೈಸೂರಿಗೆ ಬಂದ ಮಾರನೆಯ ದಿನ ದೊಡ್ಡಮ್ಮನ ಕೈಗೆ ಸಾವಿರದ ಏಳುನೂರು ರೂಪಾಯಿಯನ್ನೂ, ಉಳಿಸಿ ತಂದ ಹತ್ತು ಷಿಲಿಂಗಿನ ನೋಟನ್ನೂ ಕೊಟ್ಟೆ. ಅವರು ಹಣವನ್ನು ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆ ಇಪ್ಪತ್ತಮೂರರಲ್ಲಿ ಕಾನೂನು ಒಪ್ಪುವ ಹತ್ತನ್ನು ಮಾತ್ರ ಉಳಿಸಿಕೊಂಡು, ಹದಿಮೂರನ್ನು ಅವರು 2018ರಲ್ಲಿಯೇ ತಮ್ಮ ಕೈಯಾರೆ ಬಚ್ಚಲೊಲೆಗೆ ಹಾಕಿದ್ದರು. ಆಮೇಲೆ ಕೇಳಿದರು:

"ಐವತ್ತು ವರ್ಷದ್ದನ್ನ ತೊಗೊಂಡ್ರಲ್ಲಪ್ಪ, ಅವರು. ನಮ್ಮ ಆ ಹತ್ತು ನೋಟನ್ನೂ ನಿನ್ನ ಕೈಲಿ ಕೊಟ್ಟು ಕಳಿಸಿದ್ದರೆ, ಒಂದು ಮಾತು ಕೇಳಬಹುದಿತ್ತೇನೋ?"

ಅದು ಬೇರೆ ದೇಶ, ಬೇರೆ ಬ್ಯಾಂಕು ಎಂದು ಹೇಳಿದೆ. ಹೂಂ ಎಂದರು. ಸಂಜೆ ನನ್ನನ್ನೇ ಜೊತೆಗೆ ಕರೆದುಕೊಂಡು ಅಕ್ಕಸಾಲಿಗನ ಅಂಗಡಿಗೆ ಹೋಗಿ, ಆ ಸಾವಿರದ ಏಳುನೂರಕ್ಕೆ ಬರುವಷ್ಟರಲ್ಲಿ ಒಂದು ಪುಟ್ಟ ಬೆಳ್ಳಿಯ ಕುಂಕುಮಭರಣಿಯನ್ನು ಆರಿಸಿಕೊಂಡು ಬಂದರು.